ನಿರೀಕ್ಷಣಾ ಪಟ್ಟಿಯಲ್ಲಿರುವ ವಿದ್ಯಾರ್ಥಿ

ಪ್ರತಿವರ್ಷವೂ ಹನ್ನೆರಡನೆಯ ತರಗತಿಯ ಫಲಿತಾಂಶಗಳು ಪ್ರಕಟವಾದ ತರುವಾಯ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ನಮ್ಮನ್ನು ಕಾಣಲು ಬರುವುದುಂಟು. ಇಚ್ಛಿಸಿದ ಕಾಲೇಜಿನಲ್ಲಿ ಸ್ಥಳ ದೊರೆತವರು ಸಿಹಿ ತರುತ್ತಾರೆ. ದೊರೆಯದವರು ಕೆಲವು ದಿನ ದುಃಖಪಟ್ಟು, ಬೇರೊಂದು ಮಾರ್ಗವನ್ನು ಹುಡುಕಿಕೊಂಡು, ಆಮೇಲೆ ಬರುತ್ತಾರೆ. ಈ ಎರಡು ಗುಂಪಿಗೂ ಸೇರದೆ, ಸಿಹಿಯನ್ನೂ ತರಲಾರದೆ, ದುಃಖವನ್ನೂ ಪಟ್ಟು ಮುಗಿಸಲಾರದೆ, ಆಗಸ್ಟ್ ತಿಂಗಳವರೆಗೂ ಹೊಸ್ತಿಲಲ್ಲೇ ನಿಂತಿರುವ ಮೂರನೆಯ ಗುಂಪೊಂದಿದೆ. ವಿಶ್ವವಿದ್ಯಾನಿಲಯವು ಇವರಿಗೆ ಬಾ ಎಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಜನರು ‘ವೇಯ್ಟಿಂಗ್ ಲಿಸ್ಟ್’ ಎಂದು ಕರೆಯುವ ನಿರೀಕ್ಷಣಾ ಪಟ್ಟಿಯಲ್ಲಿ ಇವರ ಹೆಸರಿದೆ. ಈ ಲೇಖನವನ್ನು ಇವರಿಗಾಗಿಯೂ, ಇವರಿಗಿಂತ ಹೆಚ್ಚಾಗಿ ನಿದ್ದೆಗೆಡುವ ಇವರ ತಂದೆತಾಯಿಗಳಿಗಾಗಿಯೂ ಬರೆಯುತ್ತಿದ್ದೇವೆ. ಮುಂದೆ ಇದೇ ದಾರಿಯಲ್ಲಿ ಹೋಗಬೇಕಾದ ಕೆಳಗಿನ ತರಗತಿಯ ಮಕ್ಕಳೂ ಓದಿದರೆ ನಷ್ಟವೇನಿಲ್ಲ.

ಮೊದಲು ಪಟ್ಟಿಯ ಸ್ವರೂಪವನ್ನು ತಿಳಿಯೋಣ. ಒಂದು ವಿದ್ಯಾಸಂಸ್ಥೆಯಲ್ಲಿ ಒಂದು ವ್ಯಾಸಂಗಕ್ಕೆ ಅರವತ್ತು ಸ್ಥಳಗಳಿವೆಯೆಂದು ಇಟ್ಟುಕೊಳ್ಳಿ. ಅರ್ಜಿ ಹಾಕಿದವರಲ್ಲಿ ಮೊದಲ ಅರವತ್ತು ಮಂದಿಯನ್ನು ಸಂಸ್ಥೆಯು ಆರಿಸುತ್ತದೆ. ಆದರೆ ಆ ಅರವತ್ತು ಮಂದಿಯೂ ಅಲ್ಲಿಗೇ ಬರುತ್ತಾರೆಂಬ ಭರವಸೆ ಸಂಸ್ಥೆಗೆ ಇರುವುದಿಲ್ಲ. ಜಾಣ ವಿದ್ಯಾರ್ಥಿಯು ನಾಲ್ಕು ಕಡೆ ಅರ್ಜಿ ಹಾಕಿರುತ್ತಾನೆ. ನಾಲ್ಕು ಕಡೆಯೂ ಅವನ ಹೆಸರು ಬಂದಿರುತ್ತದೆ. ಅವನು ಕುಳಿತುಕೊಳ್ಳುವುದು ಮಾತ್ರ ಒಂದೇ ಬೆಂಚಿನ ಮೇಲೆ. ಉಳಿದ ಮೂರು ಸ್ಥಳಗಳು ತೆರವಾಗಲೇಬೇಕು. ಆ ತೆರವನ್ನು ತುಂಬುವುದಕ್ಕಾಗಿ ಅರವತ್ತೊಂದನೆಯವನಿಂದ ಮುಂದಕ್ಕೆ ಕೆಲವು ಹೆಸರುಗಳನ್ನು ಕ್ರಮವಾಗಿ ಬರೆದಿಡುತ್ತಾರೆ. ಇದೇ ನಿರೀಕ್ಷಣಾ ಪಟ್ಟಿ. ಅದು ಬಹುಮಾನವೂ ಅಲ್ಲ, ಶಿಕ್ಷೆಯೂ ಅಲ್ಲ. ಅರವತ್ತನೆಯವನಿಗೂ ಅರವತ್ತೊಂದನೆಯವನಿಗೂ ನಡುವಣ ಅಂತರವು ಒಂದು ಅಂಕದ ಅರ್ಧಭಾಗವಾಗಿರಬಹುದು. ಅಂಕಗಳೆಲ್ಲ ಸಮವಾಗಿದ್ದು, ಹುಟ್ಟಿದ ತಾರೀಖಿನ ಅಂತರವೇ ಆಗಿರಬಹುದು.

ಗಾಂಧಿಪುರದಲ್ಲಿ ಸಂಜೆಯ ಹೊತ್ತು ಸತ್ಯಮಂಗಲದ ರಸ್ತೆಯ ಬಸ್ಸನ್ನು ಹತ್ತುವ ಶರವಣಂಪಟ್ಟಿಯವರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವಾಗಲೇ ಆಸನಗಳೆಲ್ಲ ತುಂಬಿರುತ್ತವೆ. ನಾವು ಕಂಬಿ ಹಿಡಿದು ನಿಂತಿರುತ್ತೇವೆ. ಗಣಪತಿಯಲ್ಲಿ ಕೆಲವರು ಇಳಿದರೆ ನಿಂತವರಲ್ಲಿ ಅಷ್ಟೇ ಮಂದಿಗೆ ಆಸನ ಸಿಕ್ಕುತ್ತದೆ. ಇಳಿಯುವವರು ನಮ್ಮ ಮೇಲಣ ಕನಿಕರದಿಂದ ಇಳಿಯುವುದಿಲ್ಲ. ಅವರ ಮನೆ ಅಲ್ಲಿದೆ, ಇಳಿಯುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಬಸ್ಸಿನಲ್ಲಿ ಕಿಟಕಿಯಿಂದ ಟವಲು ಹಾಕಿ ಸ್ಥಳ ಹಿಡಿಯುವ ಜಾಣರಿರುತ್ತಾರೆ. ಪಟ್ಟಿಯಲ್ಲಿ ಆ ಉಪಾಯ ಸಾಗದು. ಅಲ್ಲಿ ನಿಂತವರ ಕ್ರಮವನ್ನು ಮೊದಲೇ ಬರೆದಿಟ್ಟಿದ್ದಾರೆ.

ತೆರವು ಹುಟ್ಟುವ ರೀತಿಯನ್ನು ಇನ್ನೂ ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಕಾಯುವವನ ಆಸೆಯೂ ಆತಂಕವೂ ಇರುವುದು ಇಲ್ಲಿಯೇ. ನಮ್ಮ ಕೊಯಮತ್ತೂರಿನ ಸರ್ಕಾರಿ ತಾಂತ್ರಿಕ ಕಾಲೇಜು ೧೯೪೫ರಲ್ಲಿ ಆರ್ಥರ್ ಹೋಪ್ ಕಾಲೇಜೆಂಬ ಹೆಸರಿನಲ್ಲಿ ಆರಂಭವಾದುದು. ಪಿ.ಎಸ್.ಜಿ. ತಾಂತ್ರಿಕ ಕಾಲೇಜು ೧೯೫೧ರದು. ಕೊಯಮತ್ತೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ೧೯೫೬ರದು. ನಮ್ಮ ನೆರೆಯಲ್ಲೇ ಇರುವ ಕುಮಾರಗುರು ಕಾಲೇಜು ೧೯೮೪ರದು. ಒಬ್ಬ ಹುಡುಗನಿಗೆ ಸರ್ಕಾರಿ ತಾಂತ್ರಿಕ ಕಾಲೇಜಿನಲ್ಲಿ ಸ್ಥಳ ದೊರೆತಿದೆಯೆಂದು ಊಹಿಸಿರಿ. ಅಷ್ಟರಲ್ಲಿ ಅವನಿಗೆ ವೈದ್ಯಕೀಯ ಕಾಲೇಜಿನಿಂದ ಕರೆ ಬಂತು, ಅವನು ಹೊರಟುಹೋದ. ಅವನ ಸ್ಥಳಕ್ಕೆ ಎರಡನೆಯ ಕಾಲೇಜಿನಲ್ಲಿದ್ದ ಹುಡುಗಿಯೊಬ್ಬಳು ಬಂದಳು. ಅವಳು ಬಿಟ್ಟ ಸ್ಥಳಕ್ಕೆ ಮೂರನೆಯ ಕಾಲೇಜಿನ ಹುಡುಗನೊಬ್ಬ ಬಂದ. ಅವನು ಬಿಟ್ಟ ಸ್ಥಳಕ್ಕೆ ಈವರೆಗೆ ಎಲ್ಲಿಯೂ ಸ್ಥಳವಿಲ್ಲದಿದ್ದ ನಾಲ್ಕನೆಯವನು ಬಂದ. ಮೇಲೆ ಒಬ್ಬನು ಎದ್ದುದಕ್ಕೆ ನಾಲ್ಕು ಮನೆಗಳಲ್ಲಿ ದೂರವಾಣಿಯ ಗಂಟೆ ಬಾರಿಸಿತು. ಈ ನಾಲ್ವರಿಗೂ ಪರಸ್ಪರ ಮುಖಪರಿಚಯವಿಲ್ಲ. ಪಟ್ಟಿಯಲ್ಲಿ ಕಾದಿರುವವನು ತಾನು ಎಂದೂ ನೋಡದಿರುವ ಒಬ್ಬನ ನಿರ್ಧಾರಕ್ಕಾಗಿ ಕಾದಿರುತ್ತಾನೆ. ಅದನ್ನು ತ್ವರೆಗೊಳಿಸಲು ಅವನಿಂದಲೂ ಆಗದು, ಅವನ ತಂದೆಯಿಂದಲೂ ಆಗದು, ನಮ್ಮಿಂದಲೂ ಆಗದು. ವೈದ್ಯಕೀಯ ಪ್ರವೇಶಗಳು ತಡವಾದ ವರ್ಷಗಳಲ್ಲಿ ಇಂತಹ ತೆರವುಗಳು ಇಂಜಿನಿಯರಿಂಗ್ ತರಗತಿಗಳು ಪ್ರಾರಂಭವಾದ ಮೇಲೆಯೂ ಹುಟ್ಟುತ್ತವೆ. ಆಗ ಆ ಸ್ಥಳವನ್ನು ತುಂಬುವ ಸುತ್ತು ಉಳಿದಿದೆಯೇ ಇಲ್ಲವೇ ಎಂಬುದೇ ಪ್ರಶ್ನೆಯಾಗುತ್ತದೆ.

ಇಂತಹ ಪಟ್ಟಿಯು ಯಾರು ಬೇಕಾದರೂ ಓದಬಹುದಾದ ಕಾಗದವಾದುದು ಸುಲಭವಾಗಿ ಆದ ಕಾರ್ಯವಲ್ಲ. ಸ್ವಾತಂತ್ರ್ಯದ ಹೊಸದರಲ್ಲಿ ಮದ್ರಾಸು ಪ್ರಾಂತದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹದಿನಾಲ್ಕು ಸ್ಥಳಗಳನ್ನು ಒಂದು ಕಟ್ಟಾಗಿ ಭಾವಿಸಿ, ಸಮುದಾಯಗಳಿಗೆ ಇಂತಿಷ್ಟೆಂದು ಹಂಚುವ ಸರ್ಕಾರಿ ಆಜ್ಞೆಯಿತ್ತು. ಚಂಪಕಂ ದೊರೈರಾಜನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೧ರ ಏಪ್ರಿಲಿನಲ್ಲಿ ಆ ಆಜ್ಞೆಯನ್ನು ತಳ್ಳಿಹಾಕಿತು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿಯು ಬಂದು, ಹಿಂದುಳಿದ ವರ್ಗಗಳಿಗಾಗಿ ವಿಶೇಷ ಏರ್ಪಾಡು ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಸ್ಪಷ್ಟವಾಗಿ ಕೊಟ್ಟಿತು. ಆಮೇಲೂ ಬಹುಕಾಲ ಸಂದರ್ಶನದ ಅಂಕಗಳೆಂಬುವು ಇದ್ದುವು. ೧೯೭೦ರಲ್ಲಿ ಪೆರಿಯಕರುಪ್ಪನ್ ಎಂಬವರ ಮೊಕದ್ದಮೆಯಲ್ಲಿ, ವೈದ್ಯಕೀಯ ಸ್ಥಳಗಳನ್ನು ರಾಜ್ಯಕ್ಕೆಲ್ಲ ಒಂದೇ ಎಂದು ನೋಡದೆ ಘಟಕ ಘಟಕವಾಗಿ ಆರಿಸಿದ ಕ್ರಮವು ಸರಿಯಲ್ಲವೆಂದು ಅದೇ ನ್ಯಾಯಾಲಯವು ಹೇಳಿತು. ತಮಿಳುನಾಡಿನಲ್ಲಿ ಇಂಜಿನಿಯರಿಂಗ್ ಪ್ರವೇಶಕ್ಕೆ ಏಕಗವಾಕ್ಷಿ ಪದ್ಧತಿಯು ೧೯೯೭ರಲ್ಲಿ ಬಂದಿತು. ಪ್ರವೇಶ ಪರೀಕ್ಷೆಯು ೨೦೦೭ರಿಂದ ರದ್ದಾಗಿ ಹನ್ನೆರಡನೆಯ ತರಗತಿಯ ಅಂಕಗಳೇ ಆಧಾರವಾದುವು. ೨೦೧೮ರಿಂದ ಎಲ್ಲವೂ ಅಂತರ್ಜಾಲದ ಮೂಲಕ ನಡೆಯುತ್ತಿದೆ. ಈಗ ಒಬ್ಬ ಕೂಲಿಗಾರನ ಮಗನೂ ತನ್ನ ಹಿಂದೆ ಎಷ್ಟು ಮಂದಿ, ಮುಂದೆ ಎಷ್ಟು ಮಂದಿ ಎಂಬುದನ್ನು ಮನೆಯಲ್ಲೇ ಕುಳಿತು ನೋಡಬಹುದು.

ಈ ಮಾತನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಪಟ್ಟಿಯಲ್ಲಿ ಹೆಸರು ಬಂದ ಮನೆಯನ್ನು ಹುಡುಕಿಕೊಂಡು ಕೆಲವು ಸಜ್ಜನವೇಷಧಾರಿಗಳು ಬರುವುದುಂಟು. ತಮಗೆ ಮೇಲೆ ಪರಿಚಯವಿದೆಯೆಂದೂ, ಇಷ್ಟು ಹಣ ಕೊಟ್ಟರೆ ಮೂವತ್ತನೆಯ ಹೆಸರನ್ನು ಮೂರನೆಯದಾಗಿ ಮಾಡಿಸುವೆವೆಂದೂ ಹೇಳುತ್ತಾರೆ. ಎಲ್ಲರೂ ಓದುವ ಪಟ್ಟಿಯಲ್ಲಿ ಹೆಸರನ್ನು ಹೀಗೆ ಹಾರಿಸುವುದು ಸಾಧ್ಯವಿಲ್ಲ. ಹೆಸರು ತಾನಾಗಿ ಮೇಲೇರಿದರೆ ಹಣವನ್ನು ಇಟ್ಟುಕೊಳ್ಳುವುದು, ಏರದಿದ್ದರೆ ಕಾಣದಂತಾಗುವುದು, ಇದೇ ಅವರ ವಿದ್ಯೆ. ತಾಯಿಯ ಬಳೆಯನ್ನು ಅಡವಿಟ್ಟು ಅವರಿಗೆ ಕೊಟ್ಟವರನ್ನು ನಾವು ಬಲ್ಲೆವು.

ಇನ್ನು ತನ್ನ ಸಂಖ್ಯೆಯನ್ನು ಓದುವ ಪಾಠ. ತಮಿಳುನಾಡಿನ ಇಂಜಿನಿಯರಿಂಗ್ ಪ್ರವೇಶದಲ್ಲಿ ಗಣಿತಕ್ಕೆ ೧೦೦, ಭೌತಶಾಸ್ತ್ರಕ್ಕೆ ೫೦, ರಸಾಯನಶಾಸ್ತ್ರಕ್ಕೆ ೫೦, ಒಟ್ಟು ೨೦೦ ಅಂಕಗಳಿಗೆ ಲೆಕ್ಕ ಹಾಕುತ್ತಾರೆ. ಗಣಿತದಲ್ಲಿ ೯೬, ಭೌತಶಾಸ್ತ್ರದಲ್ಲಿ ೯೦, ರಸಾಯನಶಾಸ್ತ್ರದಲ್ಲಿ ೮೮ ಪಡೆದವನಿಗೆ ೯೬, ೪೫, ೪೪ ಕೂಡಿ ೧೮೫ ಆಗುತ್ತದೆ. ಗಣಿತದ ಒಂದು ಅಂಕವು ಉಳಿದ ವಿಷಯಗಳ ಎರಡು ಅಂಕಗಳಿಗೆ ಸಮಾನವೆಂಬುದನ್ನು ಕೆಳತರಗತಿಯವರು ಈಗಲೇ ಗಮನಿಸಲಿ. ಇಬ್ಬರ ಮೊತ್ತವು ಸಮವಾದರೆ ಮೊದಲು ಗಣಿತ, ಆಮೇಲೆ ಭೌತಶಾಸ್ತ್ರ, ಹೀಗೆ ಒಂದೊಂದನ್ನೇ ನೋಡುತ್ತ ಹೋಗಿ, ಹುಟ್ಟಿದ ದಿನವನ್ನೂ ನೋಡಿ, ಅದೂ ಸಮವಾದರೆ ಗಣಕಯಂತ್ರವು ಕೊಟ್ಟ ಯಾದೃಚ್ಛಿಕ ಸಂಖ್ಯೆಯಿಂದ ತೀರ್ಮಾನಿಸುತ್ತಾರೆ. ಯಾದೃಚ್ಛಿಕವೆಂದರೆ ಚೀಟಿ ಎತ್ತಿದಂತೆ ಬಂದದ್ದು.

ಈ ಒಟ್ಟು ಕ್ರಮಾಂಕದ ಜೊತೆಗೆ ತನ್ನ ವರ್ಗದೊಳಗಿನ ಕ್ರಮಾಂಕವನ್ನೂ ನೋಡಿಕೊಳ್ಳಬೇಕು. ತಮಿಳುನಾಡಿನಲ್ಲಿ ಶೇಕಡ ೬೯ ಸ್ಥಳಗಳು ಮೀಸಲಾಗಿವೆ: ಹಿಂದುಳಿದವರಿಗೆ ೨೬.೫, ಹಿಂದುಳಿದ ಮುಸ್ಲಿಮರಿಗೆ ೩.೫, ಅತಿ ಹಿಂದುಳಿದವರಿಗೂ ಸೀರ್‌ಮರಬಿನರಿಗೂ ಕೂಡಿ ೨೦, ಪರಿಶಿಷ್ಟ ಜಾತಿಗಳಿಗೆ ೧೫, ಅರುಂಧತಿಯರಿಗೆ ೩, ಪರಿಶಿಷ್ಟ ಪಂಗಡಗಳಿಗೆ ೧. ಮೀಸಲಾದ ಸ್ಥಳವು ತೆರವಾದರೆ ಮೊದಲು ಚಲಿಸುವುದು ಆ ವರ್ಗದವರ ಸಾಲು. ಒಟ್ಟು ಕ್ರಮಾಂಕವನ್ನು ಮಾತ್ರ ನೋಡಿ ಆಸೆ ತೊರೆದವನೂ ಉಂಟು, ಸಲ್ಲದ ಆಸೆಯನ್ನು ಬೆಳೆಸಿಕೊಂಡವನೂ ಉಂಟು. ಇಲ್ಲಿ ಇನ್ನೊಂದು ಮಾತು. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ೨೦೨೦ರಲ್ಲಿ ವೈದ್ಯಕೀಯಕ್ಕೂ ೨೦೨೧ರಲ್ಲಿ ಇಂಜಿನಿಯರಿಂಗ್ ಮೊದಲಾದ ವ್ಯಾಸಂಗಗಳಿಗೂ ಶೇಕಡ ೭.೫ರ ಒಳಮೀಸಲು ಬಂದಿದೆ. ಆ ಕಾನೂನುಗಳು ಬಂದಾಗ ಅವು ಅನ್ವಯಿಸಿದುದು ಆರನೆಯ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ. ನಮ್ಮಂತಹ ಧರ್ಮಸಂಸ್ಥೆಯ ಶಾಲೆಗಳಲ್ಲಿ ಓದಿದವರು ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು.

ಆಮೇಲೆ ಮೂರು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ತನ್ನ ಕ್ರಮಾಂಕ; ಕಳೆದ ವರ್ಷ ಮೊದಲನೆಯ ಸುತ್ತಿನಲ್ಲಿ ಆ ವ್ಯಾಸಂಗಕ್ಕೆ ಪ್ರವೇಶ ಪಡೆದ ಕೊನೆಯವನ ಕ್ರಮಾಂಕ; ಕೊನೆಯ ಸುತ್ತಿನಲ್ಲಿ ಪಡೆದ ಕೊನೆಯವನ ಕ್ರಮಾಂಕ. ಇವುಗಳನ್ನು ಪ್ರವೇಶ ಪ್ರಾಧಿಕಾರಗಳೇ ಪ್ರಕಟಿಸುತ್ತವೆ. ಊಹೆಗಾಗಿ, ಮೊದಲ ಸುತ್ತು ೪೧೦೦ಕ್ಕೂ ಕೊನೆಯ ಸುತ್ತು ೪೬೫೦ಕ್ಕೂ ನಿಂತಿತ್ತೆಂದು ಇಟ್ಟುಕೊಂಡರೆ, ೪೫೦೦ರವನು ಆಸೆಯಿಂದ ಕಾಯಬಹುದು; ೪೮೦೦ರವನು ಕಾಯಬಹುದು, ಆದರೆ ಬೇರೆ ಕಡೆ ಕಾಲೂರಿಕೊಂಡು ಕಾಯಬೇಕು; ೭೦೦೦ದವನು ಕಾಯುವುದು ಎಂದರೆ ಬೇಸಗೆಯ ನೊಯ್ಯಲ್ ನದಿಯಲ್ಲಿ ದೋಣಿಗಾಗಿ ಕಾದಂತೆ. ಒಂದು ವರ್ಷದ ಅಂಕಿ ಸಾಲದು, ಮೂರು ವರ್ಷಗಳದನ್ನು ನೋಡಿದರೆ ಉತ್ತಮ. ಇಷ್ಟು ಲೆಕ್ಕಕ್ಕೆ ಆರನೆಯ ತರಗತಿಯ ಗಣಿತವೇ ಸಾಕು. ಆದರೂ ಇದನ್ನು ಮಾಡದೆ ಜೋಯಿಸರ ಮನೆಗೆ ಹೋಗುವವರ ಸಂಖ್ಯೆ ನಮ್ಮ ಬೀದಿಗಳಲ್ಲಿ ಕಡಿಮೆಯೇನಲ್ಲ.

ಕೊಂಗುನಾಡಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ಊರಿನ ಮಾತು ತಮಿಳು. ಆದುದರಿಂದ ಎರಡು ರಾಜ್ಯಗಳಲ್ಲಿಯೂ ನಮಗೆ ಹಕ್ಕಿದೆಯೆಂದು ತಿಳಿದವರಿದ್ದಾರೆ, ಎರಡರಲ್ಲಿಯೂ ಇಲ್ಲವೆಂದು ತಿಳಿದವರೂ ಇದ್ದಾರೆ. ನಿಜವು ನಡುವೆ ಎಲ್ಲೋ ಇದೆ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯನ್ನು ತೆಗೆದುಕೊಳ್ಳಿ. ಇಂತಹ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಳಗಳು ಆಯಾ ರಾಜ್ಯದವರಿಗೆ ಮೀಸಲು. ಆದರೆ ಯಾವ ರಾಜ್ಯದವನೆಂಬುದನ್ನು ಮಾತೃಭಾಷೆಯಿಂದ ನಿರ್ಣಯಿಸುವುದಿಲ್ಲ. ಹನ್ನೆರಡನೆಯ ತರಗತಿಯನ್ನು ಎಲ್ಲಿ ತೇರ್ಗಡೆಯಾದನೆಂಬುದರಿಂದ ನಿರ್ಣಯಿಸುತ್ತಾರೆ. ಶರವಣಂಪಟ್ಟಿಯ ಕನ್ನಡ ಹುಡುಗನು ತಿರುಚ್ಚಿರಾಪಳ್ಳಿಯಲ್ಲಿ ಮನೆಯವನು, ಸುರತ್ಕಲ್ಲಿನಲ್ಲಿ ಹೊರಗಿನವನು. ಎರಡು ಕಡೆಯೂ ಅರ್ಜಿ ಹಾಕಬಹುದು; ಆದರೆ ಯಾವ ಸಾಲಿನಲ್ಲಿ ನಿಂತಿದ್ದೇನೆಂಬುದನ್ನು ಅರಿತಿರಬೇಕು.

ಕರ್ನಾಟಕದ ಸಿ.ಇ.ಟಿ.ಯ ಮಾತು ಬೇರೆ. ಅಲ್ಲಿ ಹೊರನಾಡು ಕನ್ನಡಿಗರು, ಗಡಿನಾಡು ಕನ್ನಡಿಗರು ಎಂಬ ವಿಭಾಗಗಳಿವೆ. ಇವುಗಳಲ್ಲಿ ಅರ್ಹತೆ ಕೋರುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತ್ಯೇಕವಾಗಿ ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಗಡಿನಾಡು ಎಂಬುದು ಕಾಸರಗೋಡು, ಅಕ್ಕಲಕೋಟೆ, ಜತ್ತ ಮೊದಲಾದ ಹೆಸರಿಸಿದ ಪ್ರದೇಶಗಳಿಗೆ ಸಂಬಂಧಿಸಿದುದು. ಕೊಯಮತ್ತೂರಿನವರು ಓದಬೇಕಾದುದು ಹೊರನಾಡಿನ ನಿಯಮಗಳನ್ನು. ನಮ್ಮ ಶಾಲೆಯಲ್ಲಿ ಕನ್ನಡವನ್ನು ಏಕೆ ಕಲಿಸುತ್ತೀರಿ, ಅದರಿಂದ ಅನ್ನ ಹುಟ್ಟುತ್ತದೆಯೇ ಎಂದು ಕೇಳುವ ಪೋಷಕರಿಗೆ ಈ ಒಂದು ಪರೀಕ್ಷೆಯ ಸಂಗತಿಯನ್ನು ತಿಳಿಸಿ ನಾವು ಸುಮ್ಮನಾಗುತ್ತೇವೆ. ಅಖಿಲ ಭಾರತ ಪರೀಕ್ಷೆಗಳಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆತಿದೆ. ವೈದ್ಯಕೀಯದ ನೀಟ್ ಪರೀಕ್ಷೆಯನ್ನು ೨೦೧೭ರಿಂದಲೂ ಇಂಜಿನಿಯರಿಂಗಿನ ಜೆ.ಇ.ಇ. ಮೇನ್ ಪರೀಕ್ಷೆಯನ್ನು ೨೦೨೧ರಿಂದಲೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆಯನ್ನು ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ. ಅರ್ಜಿ ತುಂಬುವಾಗ ಕೊಯಮತ್ತೂರನ್ನು ಕೇಂದ್ರವಾಗಿ ಆರಿಸಿ ಕನ್ನಡ ಪತ್ರಿಕೆಯನ್ನು ನಿರೀಕ್ಷಿಸಿದರೆ ಅದು ದೊರೆಯದು. ದಿಂಬಂ ಘಟ್ಟವನ್ನು ಹತ್ತಿ ಚಾಮರಾಜನಗರದ ಕಡೆಗೆ ಹೋಗಲು ಸಿದ್ಧರಿರಬೇಕು. ಒಂದು ರಾಜ್ಯದ ಜಾತಿ ಪ್ರಮಾಣಪತ್ರವು ಇನ್ನೊಂದು ರಾಜ್ಯದ ಪ್ರವೇಶದಲ್ಲಿ ನಡೆಯುತ್ತದೆಂದು ಭಾವಿಸುವುದೂ ತಪ್ಪು. ಕೇಂದ್ರದ ಸಂಸ್ಥೆಗಳಿಗೆ ಬೇಕಾದ ಹಿಂದುಳಿದ ವರ್ಗದ ಪ್ರಮಾಣಪತ್ರವಂತೂ ಆ ವರ್ಷದ ಏಪ್ರಿಲ್ ಒಂದರ ಅನಂತರ ಪಡೆದದ್ದಾಗಿರಬೇಕು. ಕಳೆದ ವರ್ಷದ ಕಾಗದವನ್ನು ತೋರಿಸಿ ಮೀಸಲಿನ ಸಾಲಿನಿಂದ ಸಾಮಾನ್ಯ ಸಾಲಿಗೆ ಬಿದ್ದವರಿದ್ದಾರೆ.

ಕಾಯುವುದೆಂದರೆ ಕೈಕಟ್ಟಿ ಕುಳಿತಿರುವುದೆಂದು ಭಾವಿಸುವವರಿಗಾಗಿ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳ ಹೆಸರು ಕರ್ನಾಟಕದ ಒಂದು ವಿಶ್ವವಿದ್ಯಾನಿಲಯದ ನಿರೀಕ್ಷಣಾ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ ಬಂದಿತು. ತಂದೆ ಲೇತ್ ಕೆಲಸಗಾರ, ಮನೆಯಲ್ಲಿ ಗಣಕಯಂತ್ರವಿಲ್ಲ. ಅರ್ಜಿಯನ್ನು ಬೀದಿಯ ತುದಿಯ ಇಂಟರ್‌ನೆಟ್ ಅಂಗಡಿಯಲ್ಲಿ ತುಂಬಿಸಿದ್ದರು. ಈಮೇಲ್ ವಿಳಾಸವನ್ನು ಕೇಳಿದ ಕಡೆ ಅಂಗಡಿಯವನು, ಇವರಿಗೆ ವಿಳಾಸವಿಲ್ಲವೆಂದು, ತನ್ನದನ್ನೇ ಹಾಕಿದನು. ದೂರವಾಣಿಯ ಸಂಖ್ಯೆಯೂ ಅವನದೇ. ಕೆಟ್ಟ ಉದ್ದೇಶದಿಂದಲ್ಲ, ದಿನಕ್ಕೆ ನಲವತ್ತು ಅರ್ಜಿ ತುಂಬುವ ಅವಸರದಿಂದ. ಜುಲೈ ತಿಂಗಳಿನ ಒಂದು ಗುರುವಾರ ಹದಿನಾಲ್ಕನೆಯ ಹೆಸರಿಗೆ ಕರೆ ಬಂದಿತು. ಶನಿವಾರ ಸಂಜೆ ಐದು ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕಾಗಿತ್ತು. ಅಂಗಡಿಯವನು ಅದನ್ನು ನೋಡಿದುದು ಸೋಮವಾರ. ಅಷ್ಟರಲ್ಲಿ ಹದಿನೈದನೆಯವರಿಗೆ ಕರೆ ಹೋಗಿ, ಅವರು ಒಪ್ಪಿ, ಹಣವನ್ನೂ ಕಟ್ಟಿದ್ದರು. ಮಂಗಳವಾರ ತಂದೆ ಮಗಳು ನಮ್ಮ ಕೊಠಡಿಗೆ ಬಂದರು. ಹುಡುಗಿ ಅಳಲಿಲ್ಲ. ತಂದೆಯೇ, “ಸಾರ್, ಹನ್ನೆರಡು ವರ್ಷ ಓದಿಸಿದ್ದು ಒಂದು ಫೋನ್ ನಂಬರಿನಲ್ಲಿ ಹೋಯಿತೇ?” ಎಂದು ಕೇಳಿದರು. ವಿಶ್ವವಿದ್ಯಾನಿಲಯಕ್ಕೆ ದೂರವಾಣಿ ಮಾಡಿದೆವು. ಅಲ್ಲಿನ ಅಧಿಕಾರಿಗಳು ಸೌಜನ್ಯದಿಂದಲೇ ಮಾತನಾಡಿ, ಇನ್ನೊಬ್ಬರಿಗೆ ಕೊಟ್ಟ ಸ್ಥಳವನ್ನು ಕಸಿಯಲಾಗದೆಂದರು. ಅವರ ಮಾತು ನ್ಯಾಯವಾದುದೇ. ಹದಿನೈದನೆಯದೂ ಯಾರದೋ ಮನೆಯ ಮಗುವಷ್ಟೆ.

ಆ ಹುಡುಗಿಗೆ ಬುಧವಾರ ಹೋಗಲು ಒಂದು ತರಗತಿಯಿತ್ತು. ಜೂನ್ ತಿಂಗಳಿನಲ್ಲಿಯೇ ನಗರದ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಗಣಿತಕ್ಕೆ ಸೇರಿದ್ದಳು. ಇಲ್ಲದಿದ್ದರೆ ಆ ವರ್ಷವೇ ಹೋಗುತ್ತಿತ್ತು.

ಆದುದರಿಂದ ಅರ್ಜಿಯಲ್ಲಿ ವಿದ್ಯಾರ್ಥಿಯ ಸ್ವಂತ ಈಮೇಲ್ ವಿಳಾಸವೂ ಮನೆಯವರ ದೂರವಾಣಿಯ ಸಂಖ್ಯೆಯೂ ಇರಬೇಕು. ಗುಪ್ತಪದವನ್ನು ನೋಟುಪುಸ್ತಕದಲ್ಲಿ ಬರೆದು ತಾಯಿಯ ಕೈಯಲ್ಲಿ ಕೊಡಿರಿ; ಮನೆಯಲ್ಲಿ ಏನನ್ನೂ ಕಳೆಯದವರು ಸಾಮಾನ್ಯವಾಗಿ ಅವರೇ. ಪ್ರವೇಶ ಮುಗಿಯುವವರೆಗೆ ಸಂಖ್ಯೆಯನ್ನು ಬದಲಾಯಿಸಬಾರದು, ಹಣ ಹಾಕದೆ ಅದು ನಿಂತುಹೋಗಲೂ ಬಿಡಬಾರದು. ದಿನಕ್ಕೆ ಎರಡು ಸಲ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ, ಸಂಸ್ಥೆಯ ಪ್ರಕಟಣೆಯನ್ನು ನೋಡಿದರೆ ಸಾಕು. ಗಂಟೆಗೊಮ್ಮೆ ನೋಡಿದರೆ ಪಟ್ಟಿಯೇನೂ ಬೇಗ ಕದಲದು, ಮನಸ್ಸು ಮಾತ್ರ ಕೆಡುತ್ತದೆ.

ಎರಡು ದೋಣಿಗಳಲ್ಲಿ ಕಾಲಿಡಬಾರದೆಂಬ ಗಾದೆಯನ್ನು ಹೇಳಿ, ಇಲ್ಲಿ ಸೇರಿದರೆ ಅಲ್ಲಿಯದು ತಪ್ಪುತ್ತದೆಂದು ಹೆದರುವ ಹಿರಿಯರಿದ್ದಾರೆ. ಗಾದೆ ಸರಿಯಾದುದೇ, ಆದರೆ ಪ್ರವೇಶದ ವಿಷಯದಲ್ಲಿ ನಿಯಮಗಳೇ ಎರಡು ದೋಣಿಗಳ ನಡುವೆ ಹಲಗೆ ಹಾಕಿಟ್ಟಿವೆ. ತಮಿಳುನಾಡಿನ ಇಂಜಿನಿಯರಿಂಗ್ ಕೌನ್ಸೆಲಿಂಗಿನಲ್ಲಿ ಕೊಟ್ಟ ಸ್ಥಳವನ್ನು ಒಪ್ಪಿಕೊಂಡು, ಅದಕ್ಕಿಂತ ಮೇಲೆ ತಾನು ಬರೆದಿದ್ದ ಆಯ್ಕೆಗಾಗಿ ಕಾಯುವೆನೆಂದು ತಿಳಿಸುವ ಅವಕಾಶವಿದೆ. ಐ.ಐ.ಟಿ. ಮತ್ತು ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳಿಗೆ ೨೦೧೫ರಿಂದ ಒಟ್ಟಾಗಿ ನಡೆಯುತ್ತಿರುವ ಜೋಸಾ ಹಂಚಿಕೆಯಲ್ಲಿಯೂ ‘ಫ್ರೀಜ್’, ‘ಫ್ಲೋಟ್’, ‘ಸ್ಲೈಡ್’ ಎಂಬ ಮೂರು ಮಾತುಗಳಿವೆ. ಫ್ರೀಜ್ ಎಂದರೆ ಇಷ್ಟೇ ಸಾಕು. ಫ್ಲೋಟ್ ಎಂದರೆ ಇದಿರಲಿ, ಯಾವ ಸಂಸ್ಥೆಯಲ್ಲಾದರೂ ಇದಕ್ಕಿಂತ ಮೇಲಿನದು ಬಂದರೆ ಕೊಡಿ. ಸ್ಲೈಡ್ ಎಂದರೆ ಇದೇ ಸಂಸ್ಥೆಯಲ್ಲಿ ಬೇರೆ ಶಾಖೆ ಬಂದರೆ ಕೊಡಿ. ಒಂದು ಎಚ್ಚರಿಕೆ: ಮೇಲಿನ ಆಯ್ಕೆಯು ದೊರೆತೊಡನೆ ಕೆಳಗಿನದು ತಾನಾಗಿಯೇ ಕೈಬಿಡುತ್ತದೆ. ನಿಜವಾಗಿ ಬೇಡವಾದ ಕಾಲೇಜನ್ನು ಸುಮ್ಮನೆ ಮೇಲೆ ಬರೆದಿದ್ದರೆ ಅಲ್ಲಿಗೇ ಹೋಗಬೇಕಾಗುತ್ತದೆ.

ಹಣದ ಮಾತಿಗೆ ಬರೋಣ. ತಂದೆತಾಯಿಗಳು ಕೇಳಲು ಸಂಕೋಚಪಡುವ ವಿಷಯವಿದು. ಒಂದು ಕಡೆ ಕಟ್ಟಿದ ಹಣ ಮುಳುಗುತ್ತದೆಯೇ? ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೮ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರಕಟಿಸಿದ ಕೊನೆಯ ಪ್ರವೇಶ ದಿನಕ್ಕೆ ಹದಿನೈದು ದಿನ ಮುಂಚಿತವಾಗಿ ಬಿಟ್ಟರೆ, ಅಲ್ಪ ಕಚೇರಿ ವೆಚ್ಚವನ್ನು ಕಳೆದು, ಪೂರ್ತಿ ಶುಲ್ಕವನ್ನು ಹಿಂದಿರುಗಿಸಬೇಕು. ಹದಿನೈದು ದಿನಕ್ಕಿಂತ ಕಡಿಮೆಯಿದ್ದರೆ ಶೇಕಡ ೯೦. ಕೊನೆಯ ದಿನದ ತರುವಾಯ ಹದಿನೈದು ದಿನದೊಳಗೆ ಶೇಕಡ ೮೦. ಮೂವತ್ತು ದಿನದೊಳಗೆ ಶೇಕಡ ೫೦. ಆಮೇಲೆ ಏನೂ ಇಲ್ಲ. ೨೦೨೪–೨೫ನೆಯ ಸಾಲಿಗೆ ಆಯೋಗವು ಇನ್ನೂ ಉದಾರವಾಗಿ, ಸೆಪ್ಟೆಂಬರ್ ೩೦ರೊಳಗೆ ಬಿಟ್ಟವರಿಗೆ ಪೂರ್ತಿಯಾಗಿಯೂ, ಅಕ್ಟೋಬರ್ ೩೧ರೊಳಗೆ ಬಿಟ್ಟವರಿಗೆ ಸಾವಿರ ರೂಪಾಯಿಗೆ ಮೀರದಷ್ಟನ್ನು ಕಳೆದೂ ಹಿಂದಿರುಗಿಸಬೇಕೆಂದಿತು. ಸೇರುವ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಿರಿ. ವಿದ್ಯಾರ್ಥಿನಿಲಯದ ಊಟ ವಸತಿಗಳ ಹಣದ ನಿಯಮವನ್ನು ಕಟ್ಟುವುದಕ್ಕೆ ಮುಂಚೆಯೇ ಲಿಖಿತವಾಗಿ ಕೇಳಿ ತಿಳಿಯಿರಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ನೋಡಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳಬಾರದೆಂದೂ ಮೇಲ್ಕಂಡ ೨೦೧೮ರ ಅಧಿಸೂಚನೆಯು ಹೇಳುತ್ತದೆ. ಜಗಳ ಮಾಡದೆ, ಅಧಿಸೂಚನೆಯ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ವಿನಯದಿಂದ ಕೇಳಿದರೆ ಕಾರ್ಯವಾಗುತ್ತದೆ.

ಸಂಖ್ಯೆಯೇ ಇಲ್ಲದ ಪಟ್ಟಿಯೂ ಒಂದುಂಟು. ನಮ್ಮೂರಿನ ಸುತ್ತ ಸಾಫ್ಟ್‌ವೇರ್ ಕಚೇರಿಗಳು ಬಂದ ಮೇಲೆ ಅಮೆರಿಕದ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕುವ ಮಕ್ಕಳೂ ಕಾಣಿಸಿಕೊಂಡಿದ್ದಾರೆ. ಅಲ್ಲಿ ಆಯ್ಕೆಯಾದವರು ಸಾಮಾನ್ಯವಾಗಿ ಮೇ ಒಂದರೊಳಗೆ ಉತ್ತರ ಕೊಡುತ್ತಾರೆ. ಅನಂತರವೇ ನಿರೀಕ್ಷಣಾ ಪಟ್ಟಿ ಕದಲುವುದು. ಆ ಪಟ್ಟಿಗೆ ಬಹುಮಟ್ಟಿಗೆ ಕ್ರಮಸಂಖ್ಯೆ ಇರುವುದಿಲ್ಲ. ಕರೆ ಬಂದರೆ ಬರುವೆನೆಂದು ಒಂದು ಚಿಕ್ಕ ಕಾಗದವನ್ನು ಬರೆದು, ಹೊಸ ಅಂಕಪಟ್ಟಿಯಿದ್ದರೆ ಲಗತ್ತಿಸಿ, ಸುಮ್ಮನಿರಬೇಕು. ವಾರಕ್ಕೊಂದು ಕಾಗದ ಬರೆದು ಪೀಡಿಸಬಾರದು.

ಕಾದೂ ಕರೆ ಬಾರದವರ ವಿಷಯದಲ್ಲಿ ಅಬ್ದುಲ್ ಕಲಾಂ ಅವರ ಕಥೆಯನ್ನು ಭಾಷಣಕಾರರೆಲ್ಲರೂ ಹೇಳುತ್ತಾರೆ. ವಾಯುಪಡೆಯ ಆಯ್ಕೆಗಾಗಿ ಡೆಹ್ರಾಡೂನಿಗೆ ಹೋದ ಇಪ್ಪತ್ತೈದು ಮಂದಿಯಲ್ಲಿ ಅವರು ಒಂಬತ್ತನೆಯವರಾದರು. ಇದ್ದ ಸ್ಥಳಗಳು ಎಂಟು. ಒಂಬತ್ತನೆಯ ಸ್ಥಾನ ಪಡೆದವರೆಲ್ಲರೂ ರಾಷ್ಟ್ರಪತಿಗಳಾಗುವುದಿಲ್ಲವಾದುದರಿಂದ ಈ ಕಥೆಯನ್ನು ಸಮಾಧಾನಕ್ಕಾಗಿ ಹೇಳುವುದು ನಮಗೆ ಅಷ್ಟಾಗಿ ಸೇರದು. ಆದರೆ ಭಾಷಣಕಾರರು ಬಿಟ್ಟುಬಿಡುವ ಒಂದು ಅಂಶ ಅದರಲ್ಲಿದೆ. ಅವರು ಡೆಹ್ರಾಡೂನಿಗೆ ಹೋಗುವ ಮುಂಚೆ, ದಾರಿಯಲ್ಲಿ ದೆಹಲಿಯಲ್ಲಿಳಿದು, ರಕ್ಷಣಾ ಇಲಾಖೆಯ ತಾಂತ್ರಿಕ ನಿರ್ದೇಶನಾಲಯದ ಸಂದರ್ಶನವನ್ನೂ ಕೊಟ್ಟಿದ್ದರು. ವಿಮಾನ ಹಾರಿಸುವ ಆಸೆ ಮುರಿದು ದೆಹಲಿಗೆ ಹಿಂದಿರುಗಿದಾಗ ಅಲ್ಲಿ ನೇಮಕದ ಆಜ್ಞೆ ಸಿದ್ಧವಾಗಿತ್ತು. ೧೯೫೮ರಲ್ಲಿ ಕೆಲಸಕ್ಕೆ ಸೇರಿದರು.

ಪಟ್ಟಿಗೂ ಒಂದು ಕೊನೆಯ ದಿನವಿದೆ. ಪ್ರವೇಶಗಳು ಮುಗಿಯಬೇಕಾದ ತಾರೀಖನ್ನು ಪ್ರತಿವರ್ಷವೂ ಪ್ರಕಟಿಸುತ್ತಾರೆ. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿರಿ. ಆ ದಿನದವರೆಗೆ ಕಾಯುವುದು ಸರಿ. ಆ ದಿನ ಕಳೆದ ಮೇಲೆ ಆ ಪುಟವನ್ನು ಮತ್ತೆ ತೆರೆಯಬೇಡಿರಿ, ಮನೆಯಲ್ಲಿ ಆ ಮಾತನ್ನು ಎತ್ತಬೇಡಿರಿ. ವಿಶೇಷವಾಗಿ ಊಟದ ಹೊತ್ತಿನಲ್ಲಿ ಎತ್ತಬೇಡಿರೆಂದು ತಂದೆಯವರಲ್ಲಿ ನಮ್ಮ ಪ್ರಾರ್ಥನೆ.

ಬರುವ ಮೇ ತಿಂಗಳಿನಿಂದ ಆಗಸ್ಟ್ ಕೊನೆಯವರೆಗೆ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ಐದರವರೆಗೆ ಶಾಲೆಯ ಗ್ರಂಥಾಲಯದಲ್ಲಿ ನಾವೂ ನಮ್ಮ ಸಹೋದ್ಯೋಗಿಗಳಿಬ್ಬರೂ ಕುಳಿತಿರುತ್ತೇವೆ. ಹಳೆಯ ವಿದ್ಯಾರ್ಥಿಗಳು ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅರ್ಜಿಯ ಪ್ರತಿ, ಇವುಗಳೊಡನೆ ಬರಬಹುದು. ಶುಲ್ಕವೇನೂ ಇಲ್ಲ. ಅರ್ಜಿಯನ್ನು ಇಲ್ಲಿಯೇ ತುಂಬುವವರು ಮನೆಯ ದೂರವಾಣಿಯನ್ನು ಜೊತೆಯಲ್ಲಿ ತರಬೇಕು. ಶಾಲೆಯ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಲು ಬಿಡುವುದಿಲ್ಲ.